ಒಂದೇ ಹಾಳೆಯ ಹಟ್ಟಿ

ಮಧುಗಿರಿಯ ತಾಲ್ಲೂಕು ಕಚೇರಿ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿಗಳಿಗೆ ಬರವಿಲ್ಲ. ಒಂದರ ಬೋರ್ಡು ಮುಗಿಯುವ ಕಡೆ ಇನ್ನೊಂದರ ಬೋರ್ಡು ಶುರುವಾಗುತ್ತದೆ. ಆದರೂ ಪೆನ್ ಡ್ರೈವ್ ಹಿಡಿದು ಬರುವ ಕಚೇರಿಯವರು, ಸ್ಕೂಲಿನವರು, ಹಾಲಿನ ಡೇರಿಯವರು ಅಷ್ಟನ್ನೂ ದಾಟಿಕೊಂಡು ಬಂದು ಸಂಜೀವಯ್ಯನವರ ಅಂಗಡಿಯ ಮುಂದೆ ನಿಲ್ಲುತ್ತಾರೆ. ಸಂಜೀವಯ್ಯನವರ ಮುಖ ನೋಡಿ ನಿಲ್ಲುವುದಲ್ಲ. ಅವರು ಗಿರಾಕಿಯನ್ನು ಕಂಡು ನಕ್ಕಿದ್ದನ್ನು ನೋಡಿದವರು ಊರಿನಲ್ಲಿ ಯಾರೂ ಇಲ್ಲ. ಎಲ್ಲರೂ ಬರುವುದು ಒಳಗೆ ಕಂಪ್ಯೂಟರಿನ ಮುಂದೆ ಕೂತಿರುವ ಚಿತ್ರಾಳ ಹತ್ತಿರ.

ಎಕ್ಸೆಲ್ ಶೀಟು ಅನ್ನುವುದು ಕಂಪ್ಯೂಟರಿನ ಒಳಗಿರುವಷ್ಟು ಹೊತ್ತು ಬಹಳ ಸಾಧು ಪ್ರಾಣಿ. ಬಲಕ್ಕೆ ಎಷ್ಟು ಬೇಕಾದರೂ ಓಡಬಹುದು, ಕೆಳಕ್ಕೆ ಎಷ್ಟು ಬೇಕಾದರೂ ಇಳಿಯಬಹುದು, ಕೇಳುವವರಿಲ್ಲ. ಪ್ರಿಂಟ್ ಕೊಟ್ಟಾಗಲೇ ಅದರ ನಿಜವಾದ ಬಣ್ಣ ಗೊತ್ತಾಗುವುದು. ಮೊದಲನೇ ಹಾಳೆಯಲ್ಲಿ ಹೆಸರು ಬರುತ್ತದೆ, ಎರಡನೆಯದರಲ್ಲಿ ಊರು, ಮೂರನೆಯದರಲ್ಲಿ ‘ಷರಾ’ ಅನ್ನುವ ಒಂದೇ ಒಂದು ಕಾಲಂ, ಅದರಲ್ಲೂ ಯಾರೂ ಏನೂ ಬರೆದಿರುವುದಿಲ್ಲ. ಒಬ್ಬ ಹೆಡ್ಮಾಸ್ಟರು ಹೀಗೇ ಒಂದು ಬಂಡಲ್ ಕಾಗದ ಮುಗಿಸಿ, ಬಂದ ಹಾಳೆಗಳನ್ನೆಲ್ಲ ಗೋಂದು ಹಚ್ಚಿ ಅಂಟಿಸಿ, ಸೀರೆಯ ಹಾಗೆ ಮಡಚಿಕೊಂಡು ಮೀಟಿಂಗಿಗೆ ಹೋಗಿದ್ದರಂತೆ. ಅಂಥವರು ಕೊನೆಗೆ ಚಿತ್ರಾಳ ಹತ್ತಿರ ಬಂದು, ಒಂದೇ ಹಾಳೆಗೆ ಸೇರುತ್ತದಾ ಅಂತ ಕೇಳುತ್ತಾರೆ. ಅವಳು ಪರದೆಯಿಂದ ಕಣ್ಣು ತೆಗೆಯದೆ, “ಸೇರುಸ್ತೀನಿ ಬುಡಿ ಸಾರ್” ಅನ್ನುತ್ತಾಳೆ.

ಸೇರಿಸುವುದಕ್ಕೆ ಸುಲಭದ ದಾರಿಯೊಂದಿದೆ. ಎಲ್ಲವನ್ನೂ ಒಂದೇ ಪುಟಕ್ಕೆ ತುಂಬು ಅಂತ ಒಂದು ಗುಂಡಿ ಒತ್ತಿದರೆ ಕಂಪ್ಯೂಟರು ತಾನೇ ತುಂಬುತ್ತದೆ. ಅಕ್ಷರ ಮಾತ್ರ ಸಾಸಿವೆಯಷ್ಟಾಗುತ್ತದೆ. ಚಿತ್ರಾಳಿಗೆ ಆ ಗುಂಡಿಯನ್ನು ಕಂಡರಾಗದು. ಅದನ್ನು ಒತ್ತುವವರನ್ನು ಕಂಡರೆ ಇನ್ನೂ ಆಗದು. ಅವಳು ಮೊದಲು ಪ್ರಿವ್ಯೂ ತೆಗೆದು ಸುಮ್ಮನೆ ನೋಡುತ್ತಾಳೆ. ಯಾವ ಕಾಲಂ ಸುಮ್ಮನೆ ಮೈ ಚೆಲ್ಲಿ ಕೂತಿದೆ, ಯಾವುದು ಉಸಿರು ಕಟ್ಟಿಕೊಂಡಿದೆ ಅಂತ ಹುಡುಕುತ್ತಾಳೆ. ‘ಫೋನ್ ನಂಬರ್’ ಅನ್ನುವ ತಲೆಬರಹವನ್ನು ಎರಡು ಸಾಲು ಮಾಡಿ ಕಾಲಂ ಕಿರಿದು ಮಾಡುತ್ತಾಳೆ. ಹಾಳೆಯನ್ನು ಅಡ್ಡ ಹಾಕುತ್ತಾಳೆ, ಮಾರ್ಜಿನ್ನನ್ನು ಒಂದೆಳೆ ಎಳೆಯುತ್ತಾಳೆ, ಆದರೆ ಫೈಲಿಗೆ ತೂತು ಹೊಡೆಯುವ ಎಡಗಡೆಯನ್ನು ಮುಟ್ಟುವುದಿಲ್ಲ. ಕೊನೆಗೆ ಬಂದ ಹಾಳೆಯಲ್ಲಿ ಕನ್ನಡಕವಿಲ್ಲದವರೂ ತಮ್ಮ ಹೆಸರು ಹುಡುಕಿಕೊಳ್ಳಬಹುದು. ಈ ವಿದ್ಯೆಯ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇದೆ. ಇರಲಿ ಬಿಡಿ, ಇಷ್ಟು ಕೈಗೆ ಬಂದವರಿಗೆ ಅಷ್ಟಾದರೂ ಬೇಡವೇ?

ಈ ಅಂಗಡಿಗೆ ಅವಳು ಬಂದದ್ದು ಆಸೆಪಟ್ಟಲ್ಲ. ಮಧುಗಿರಿಯಿಂದ ಪಾವಗಡದ ಕಡೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ಸೀಗಲಹಟ್ಟಿ. ಕುರಿ ಕಾಯುವವರ ಹಟ್ಟಿ ಅದು. ಈಗ ಕುರಿಯ ಜತೆ ಜಮೀನೂ ಇದೆ, ಗಾರೆ ಕೆಲಸಕ್ಕೆ ಹೋಗುವವರೂ ಇದ್ದಾರೆ. ಆ ಹಟ್ಟಿಯ ಚಿಕ್ಕನರಸಯ್ಯನ ಮಗಳು ಚಿತ್ರಾ. ಪಿಯುಸಿ ಮುಗಿಸಿದ ಮೇಲೆ ಪಾವಗಡದಾಚೆ, ಆಂಧ್ರದ ಗಡಿಯ ರಾಯಚರ್ಲಿನ ಕಡೆಗೆ ಕೊಟ್ಟರು. ಅತ್ತೆ ಮನೆಯಲ್ಲಿ ಬೈಯುವುದೂ ತೆಲುಗಿನಲ್ಲೇ, ಮುದ್ದಿಸುವುದೂ ತೆಲುಗಿನಲ್ಲೇ. ಮೊದಲ ವರ್ಷ ಅವಳಿಗೆ ಎರಡಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಗಂಡ ಅಂಜನ್ ಕುಮಾರ್ ಸೋಲಾರ್ ಪಾರ್ಕಿನಲ್ಲಿ ಕಾವಲು ಕೆಲಸಕ್ಕೆ ಸೇರಿದ. ಹೊಡೆಯುವವನಲ್ಲ, ಕುಡಿಯುವವನೂ ಅಲ್ಲ. ಒಂದು ದಿನ ಅನಂತಪುರದ ಕಡೆ ಇನ್ನೊಂದು ಸಂಸಾರ ಹೂಡಿದ್ದಾನೆ ಅಂತ ಗೊತ್ತಾಯಿತು. ಕೇಳಿದರೆ ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ, ಊಟಕ್ಕೆ ಬಡಿಸು ಅಂದ. ಚಿತ್ರಾ ಬಡಿಸಿ, ಅವನು ಕೈ ತೊಳೆದ ಮೇಲೆ ಪಾತ್ರೆ ತೊಳೆದಿಟ್ಟು, ಮಧುಗಿರಿ ಬಸ್ಸು ಹತ್ತಿದಳು.

ಅಷ್ಟು ಹೊತ್ತಿಗೆ ಅಪ್ಪ ತೀರಿಕೊಂಡಿದ್ದ. ಅಣ್ಣ ಚಿಕ್ಕರಾಜು ಒಂದು ಮಾತೂ ಆಡದೆ ಒಳಗೆ ಕರೆದುಕೊಂಡ. ಅತ್ತಿಗೆಯೂ ಕೆಟ್ಟವಳಲ್ಲ. ಆದರೂ ಕೆಟ್ಟವರಲ್ಲದವರ ಮನೆಯಲ್ಲೇ ಹಂಗು ಹೆಚ್ಚು ಚುಚ್ಚುತ್ತದೆ. ಟೈಪಿಂಗ್ ಇನ್‌ಸ್ಟಿಟ್ಯೂಟನ್ನು ಕಂಪ್ಯೂಟರ್ ಅಂಗಡಿಯಾಗಿ ಬದಲಾಯಿಸಿಕೊಂಡಿದ್ದ ಸಂಜೀವಯ್ಯನವರು ಕೆಲಸಕ್ಕೆ ಒಬ್ಬರು ಬೇಕು ಅಂದಾಗ ಅವಳು ಹೋಗಿ ನಿಂತಳು. ಆ ಟೈಪಿಂಗ್ ಮೇಷ್ಟ್ರು ಅವಳಿಗೆ ಕಲಿಸಿದ್ದು ಬೈದುಕೊಂಡೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಎಕ್ಸೆಲ್ಲಿಗೇ ಕಣಮ್ಮ, ಅನ್ನುವುದು ಅವರ ಪಾಠದ ಮೊದಲನೇ ಸಾಲು.

ಹಟ್ಟಿಯವರಿಗೆ ಅವಳ ವಿದ್ಯೆ ಬೇಕಾಗುವುದು ವರ್ಷಕ್ಕೊಂದು ಸಲ. ಸಂಕ್ರಾಂತಿ ಕಳೆದ ಮೇಲೆ ಬರುವ ಸೋಮವಾರ ಹಟ್ಟಿ ದೇವರಿಗೆ ಮೀಸಲು ಹಾಲು. ಪ್ರತಿ ಒಲೆಯಿಂದ, ಅಂದರೆ ಬೇರೆ ಅಡಿಗೆ ಮಾಡಿಕೊಂಡಿರುವ ಪ್ರತಿ ಮನೆಯಿಂದ, ಸ್ವಂತ ದನದ ಹಾಲು ಒಂದು ಚೊಂಬು ಬರಬೇಕು. ಗುಡಿಯ ಮುಂದೆ ಹಂಡೆ ಇಟ್ಟಿರುತ್ತಾರೆ. ಹಿರಿಯ ದಾಸಣ್ಣ ಹಾಳೆ ಹಿಡಿದು ಒಂದೊಂದೇ ಒಲೆ ಕೂಗುತ್ತಾನೆ. ಕೂಗಿಸಿಕೊಂಡವರು ಬಂದು ಹಂಡೆಗೆ ಹಾಲು ಸುರಿಯುತ್ತಾರೆ. ಆ ಹಾಲಿನ ಪಾಯಸವನ್ನು ಹಟ್ಟಿಯವರೆಲ್ಲ ಒಟ್ಟಿಗೆ ಉಣ್ಣುತ್ತಾರೆ. ಕೂಗದ ಒಲೆಯ ಹಾಲು ಹಂಡೆಗೆ ಬೀಳುವಂತಿಲ್ಲ.

ಪಟ್ಟಿ ಒಂದೇ ಹಾಳೆಯಲ್ಲಿರಬೇಕು ಅನ್ನುವುದು ಕಟ್ಟುನಿಟ್ಟು. ತಾತಂದಿರ ಕಾಲದಲ್ಲಿ ಒಂದು ವರ್ಷ ಮೇಷ್ಟರೊಬ್ಬರು ಎರಡು ಹಾಳೆಯಲ್ಲಿ ಬರೆದುಕೊಟ್ಟಿದ್ದರಂತೆ. ಆ ವರ್ಷವೇ ಎರಡನೇ ಹಾಳೆಯಲ್ಲಿದ್ದವರು ಜಗಳ ಮಾಡಿಕೊಂಡು ಗುಡ್ಡದಾಚೆಗೆ ಹೋಗಿ ಬೇರೆ ಹಟ್ಟಿ ಕಟ್ಟಿದರು. ಹಾಳೆ ಎರಡಾಗಿದ್ದಕ್ಕೆ ಜಗಳವಾಯಿತೋ, ಜಗಳ ಇದ್ದದ್ದಕ್ಕೇ ಹಾಳೆ ಎರಡಾಯಿತೋ, ಆ ದೇವರೇ ಹೇಳಬೇಕು. ಅಂತೂ ಅಂದಿನಿಂದ ಒಂದೇ ಹಾಳೆ. ಅಂಟಿಸಿದ್ದು ಆಗದು, ಹಿಂದೆ ಮುಂದೆ ಎರಡೂ ಕಡೆ ಬರೆದದ್ದೂ ಆಗದು. ಅಂಗಡಿಯ ಪ್ರಿಂಟರಿಗೆ ಹೋಗುವ ಅತಿ ಉದ್ದದ ಹಾಳೆ ಲೀಗಲ್ ಸೈಜು. ಚಿತ್ರಾ ಅದರಲ್ಲೇ ಹಟ್ಟಿಯನ್ನು ಹಿಡಿಸುತ್ತಿದ್ದಳು.

ಹಿಡಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿತ್ತು. ಅಣ್ಣತಮ್ಮಂದಿರು ಬೇರೆಯಾದಂತೆಲ್ಲ ಒಲೆ ಹೆಚ್ಚುತ್ತದೆ, ಹಾಳೆ ಹೆಚ್ಚುವುದಿಲ್ಲ. ಅದರ ಮೇಲೆ ದಾಸಣ್ಣನ ತಕರಾರು ಬೇರೆ. ಪ್ರತಿ ವರ್ಷ ಹಾಳೆ ಕೈಗೆ ಕೊಟ್ಟಾಗ ಅವನು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಅಕ್ಷರ ಸಣ್ಣ ಆಯಿತು ಕಣವ್ವ ಅನ್ನುತ್ತಿದ್ದ. ಎಂಬತ್ತರ ಹತ್ತಿರದ ಮುದುಕ, ಕಣ್ಣಿಗೆ ಪೊರೆ. ಆಪರೇಷನ್ ಮಾಡಿಸಿಕೋ ಅಂದರೆ ಮುಂದಿನ ವರ್ಷ ಅನ್ನುವವನು. ಚಿತ್ರಾ ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡು, ಮರುವರ್ಷ ಎಲ್ಲಿಂದಲೋ ಒಂದಿಷ್ಟು ಜಾಗ ಕಡಿದು ಅಕ್ಷರವನ್ನು ಒಂದಂಶ ದೊಡ್ಡದು ಮಾಡುತ್ತಿದ್ದಳು. ತಾತ ತಡವರಿಸದೆ ಓದಿದರೆ, ಗುಂಪಿನ ಹಿಂದೆ ನಿಂತಿದ್ದ ಅವಳಿಗೆ ತಾನೇ ಓದಿದಷ್ಟು ಖುಷಿ.

ಅವಳು ನಿಲ್ಲುತ್ತಿದ್ದದ್ದು ಯಾವಾಗಲೂ ಗುಂಪಿನ ಹಿಂದೆಯೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಹಟ್ಟಿಯ ಒಲೆಗಳನ್ನೆಲ್ಲ ಹಾಳೆಯಲ್ಲಿ ಕೂರಿಸಿದವಳಿಗೆ ಹಾಳೆಯಲ್ಲಿ ಜಾಗವಿರಲಿಲ್ಲ. ಅಣ್ಣನ ಮನೆಯಲ್ಲಿದ್ದಷ್ಟು ವರ್ಷ ಅದು ಅವಳನ್ನು ಅಷ್ಟಾಗಿ ಕಾಡಲೂ ಇಲ್ಲ. ಹೋದ ವರ್ಷ ಹಟ್ಟಿಯ ಅಂಚಿನಲ್ಲಿ ಅಪ್ಪ ತೋರಿಸಿಹೋಗಿದ್ದ ಜಾಗದಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ ಕಟ್ಟಿಸಿಕೊಂಡು ಶೀಟು ಹೊದಿಸಿದಳು. ಒಂದು ನಾಟಿ ಹಸು ಕಟ್ಟಿದಳು. ಅವ್ವ ಹೊನ್ನಕ್ಕ ಬೆಳಗಿನ ಮುದ್ದೆ ಮಗನ ಮನೆಯಲ್ಲಿ, ರಾತ್ರಿಯ ಮುದ್ದೆ ಮಗಳ ಮನೆಯಲ್ಲಿ ಉಣ್ಣುತ್ತ, ಹಸು ನೋಡಿಕೊಳ್ಳುತ್ತ, ಎರಡು ಮನೆಗೂ ಸುದ್ದಿ ಸಾಗಿಸುತ್ತ ಆರಾಮಾಗಿದ್ದಳು.

ಆ ಅವ್ವನೇ ಒಂದು ಸಂಜೆ ಹಾಲು ಕರೆಯುತ್ತ ಮಾತು ತೆಗೆದಳು. ಹಟ್ಟಿಯಲ್ಲಿ ಒಲೆ ಅನ್ನಿಸಿಕೊಂಡ ಮನೆಗೆ ಹಟ್ಟಿ ಬರುತ್ತದೆ. ಕಾಯಿಲೆಯಾದರೆ ಯಾರಾದರೂ ಬಂದು ಕೂರುತ್ತಾರೆ, ಸತ್ತರೆ ಹೆಗಲು ಕೊಡುತ್ತಾರೆ, ಮಳೆಗೆ ಶೀಟು ಹಾರಿದರೆ ಎತ್ತಿ ಕಟ್ಟುತ್ತಾರೆ. ಒಲೆ ಅಲ್ಲದ ಮನೆಗೆ ಬರಲೇಬೇಕು ಅಂತ ಯಾರಿಗೂ ಇಲ್ಲ.

“ನಾನಿರೋಗಂಟ ಸರಿ. ನಾನೋದ್ಮೇಲೆ ನಿನ್ನ ಬಾಗ್ಲಿಗೆ ಯಾರೇ ಬತ್ತಾರೆ?” ಅಂದಳು ಹೊನ್ನಕ್ಕ, ಹಸುವಿನ ಹೊಟ್ಟೆಗೆ ತಲೆ ಒರಗಿಸಿಕೊಂಡೇ.

ಅಂದಿನಿಂದ ಚಿತ್ರಾಳಿಗೆ ಪಟ್ಟಿಯಲ್ಲಿ ತನ್ನದೊಂದು ಸಾಲು ಬೇಕೇ ಬೇಕು ಅನ್ನಿಸಿಬಿಟ್ಟಿತು. ತನ್ನ ಹಸುವಿನ ಹಾಲು ಆ ಹಂಡೆಗೆ ಬೀಳಬೇಕು. ಬೇರೆ ಏನೂ ಬೇಡ.

ಮೊದಲು ಹೇಳಿದ್ದು ಅಣ್ಣನಿಗೆ. ಚಿಕ್ಕರಾಜು ಕುರಿಯ ಕಾಲಿಗೆ ಔಷಧಿ ಹಚ್ಚುತ್ತಿದ್ದವನು ಕೈ ನಿಲ್ಲಿಸಿದ. ಅವನಿಗೆ ನೋವಾಯಿತು, ಅದು ಸುಳ್ಳಲ್ಲ. ತಂಗಿಯನ್ನು ಹೊರಗೆ ಹಾಕಿದ ಅಂತ ನಾಳೆ ಜನ ಆಡಿಕೊಳ್ಳುತ್ತಾರೆ, ನನ್ನ ಒಲೆ ನಿನ್ನದಲ್ಲವಾ ಅಂತ ಕೇಳಿದ. ನಿನ್ನದೇ ಅಣ್ಣ, ಅದಕ್ಕೇ ಇನ್ನೊಂದು ಬೇಕು ಅಂದಳು ಅವಳು. ಅವನು ಮತ್ತೆ ಕುರಿಯ ಕಾಲು ಹಿಡಿದುಕೊಂಡ. ಅವತ್ತಿನಿಂದ ಅವಳ ಜತೆ ಮಾತು ಬಿಟ್ಟ.

ಆಮೇಲೆ ರಂಗೇಶ. ದೇವರ ಕಾರ್ಯದ ಉಸ್ತುವಾರಿ ಅವನದು. ಒಂದು ಸಲ ಪಂಚಾಯ್ತಿ ಮೆಂಬರಾಗಿದ್ದ ಗತ್ತು ಇನ್ನೂ ಇಳಿದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆಗೆ ಪೂಜಾರಿಯೇ ಆಗಬೇಕಿಲ್ಲ, ಇಂಥ ಉಸ್ತುವಾರಿಯೂ ಸಾಕು. ಅವನು ಒಲ್ಲೆ ಅನ್ನಲಿಲ್ಲ. ಕೆಟ್ಟವನಾಗುವುದು ಅವನಿಗೆ ಇಷ್ಟವಿಲ್ಲ. ಹಾಳೆ ತುಂಬಿಹೋಗಿದೆಯಲ್ಲಮ್ಮ, ನೀನೇ ತಾನೆ ಹೋದ ವರ್ಷ ಇನ್ನು ಒಂದು ಸಾಲೂ ಹಿಡಿಯಲ್ಲ ಅಂದಿದ್ದು, ಅಂದ. ಅದು ನಿಜವೇ ಆಗಿತ್ತು. ಅಕ್ಷರ ಸಣ್ಣ ಮಾಡಿದರೆ ದಾಸಣ್ಣ ಓದುವುದಿಲ್ಲ, ಹಾಳೆ ಎರಡಾಗುವಂತಿಲ್ಲ. ಅದೂ ಅಲ್ಲದೆ ಪಟ್ಟಿಯಲ್ಲಿ ‘ತಂದೆ / ಗಂಡ’ ಅಂತ ಒಂದು ಕಾಲಂ ಇದೆ, ಗಂಡ ಸತ್ತವರ ಒಲೆಯೂ ಗಂಡನ ಹೆಸರಿನಲ್ಲೇ ನಡೆಯುತ್ತದೆ, ನಿನಗೆ ಅಲ್ಲಿ ಯಾರ ಹೆಸರು ಬರೆಯೋಣ ಅಂತ ಕೇಳಿದ. ಕೊನೆಗೆ, ನೀನೇ ಜಾಗ ಹುಡುಕಿಕೊಂಡರೆ ನಮ್ಮದೇನೂ ಅಡ್ಡಿಯಿಲ್ಲ ಅಂತ ನಕ್ಕ.

ಜಾಗ ಹುಡುಕುವವಳಿಗೇ ಜಾಗ ಹುಡುಕಿಕೋ ಅಂದುಬಿಟ್ಟ. ಅವನಿಗೆ ಅದು ತಮಾಷೆ, ಅವಳಿಗೆ ಅದು ಪರೀಕ್ಷೆ.

ಮರುದಿನ ಮಧ್ಯಾಹ್ನ, ಕಚೇರಿಯವರು ಊಟಕ್ಕೆ ಹೋಗಿ ಅಂಗಡಿ ಖಾಲಿಯಾದಾಗ, ಚಿತ್ರಾ ಹಟ್ಟಿಯ ಫೈಲು ತೆರೆದಳು. ಮಾರ್ಜಿನ್ನು ಆಗಲೇ ಪೂರ್ತಿ ಸವೆದಿತ್ತು. ತಲೆಬರಹ ಒಂದೇ ಸಾಲಾಗಿತ್ತು. ಸಾಲುಗಳ ಎತ್ತರವನ್ನು ಒಂದೆಳೆ ಇಳಿಸಿದರೆ ಗುಡಿಸು ಏತ್ವಗಳ ತಲೆ ಹಾರಿಹೋಗುತ್ತಿತ್ತು, ಕೆಳಗಿನ ಒತ್ತಕ್ಷರದ ಕಾಲು ಮುರಿಯುತ್ತಿತ್ತು. ಇಂಗ್ಲಿಷಾದರೆ ಹೇಗೋ ತಲೆ ತಗ್ಗಿಸಿ ಕೂರುತ್ತದೆ, ಕನ್ನಡಕ್ಕೆ ತಲೆಯ ಮೇಲೂ ಜಾಗ ಬೇಕು, ಕಾಲ ಕೆಳಗೂ ಬೇಕು. ಕೊನೆಯ ಸಾಲಿನ ಕೆಳಗೆ ತನ್ನ ಹೆಸರು ಹೊಡೆದು ಪ್ರಿವ್ಯೂ ಒತ್ತಿದಳು. ಕೆಳಗಡೆ ‘ಪುಟ 2’ ಅಂತ ಬಂತು. ಎರಡನೇ ಪುಟದ ಮೇಲ್ತುದಿಯಲ್ಲಿ ಅವಳ ಹೆಸರೊಂದೇ ಇತ್ತು, ಉಳಿದ ಅಷ್ಟೂ ಹಾಳೆ ಬೆಳ್ಳಗಿತ್ತು. ಅವಳಿಗೆ ಅಳು ಬಂದಿತು. ಊಟದ ಡಬ್ಬಿ ತೆರೆದು, ತಿನ್ನಲಾಗದೆ ಮುಚ್ಚಿದಳು.

ಸಂಜೀವಯ್ಯನವರು ಹಿಂದೆ ಬಂದು ನಿಂತು ನೋಡಿದರು. ಏನು ಎತ್ತ ಅಂತ ಕೇಳಲಿಲ್ಲ. ಸಾಲು ಸಾಲು ಅಂತ ಯಾಕೆ ಸಾಯುತ್ತೀಯ, ಕಾಲಂ ನೋಡು, ನಿನ್ನ ಹೆಸರುಗಳು ಯಾಕೆ ಎರಡೆರಡು ಸಾಲಿಗೆ ಮಡಚಿಕೊಂಡಿವೆ ಅಂತ ಗದರಿ ಹೋದರು.

ಹೌದಲ್ಲ. ‘ತಂದೆ / ಗಂಡ’ ಅನ್ನುವ ಕಾಲಂ ಅರ್ಧ ಹಾಳೆ ನುಂಗಿ ಕೂತಿತ್ತು. ಅದರಿಂದ ಪಕ್ಕದ ಹೆಸರಿನ ಕಾಲಂ ಇರುಕಾಗಿ, ಉದ್ದ ಹೆಸರಿನವರೆಲ್ಲ ಎರಡು ಸಾಲಿಗೆ ಮಡಚಿಕೊಂಡಿದ್ದರು. ಅಷ್ಟು ವರ್ಷ ಅದನ್ನು ಮುಟ್ಟಬಹುದು ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಅವಳು ಆ ಕಾಲಮ್ಮಿನ ತಲೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಡಿಲೀಟ್ ಕೊಟ್ಟಳು. ಅಪ್ಪಂದಿರೂ ಗಂಡಂದಿರೂ ಒಂದೇ ಏಟಿಗೆ ಹೋದರು. ಹೆಸರುಗಳು ಕೈಕಾಲು ಚಾಚಿ ಒಂದೊಂದೇ ಸಾಲಿನಲ್ಲಿ ಕೂತವು. ಅಕ್ಷರವನ್ನು ಎರಡಂಶ ದೊಡ್ಡದು ಮಾಡಿದರೂ ಕೆಳಗಡೆ ಜಾಗ ಉಳಿಯಿತು. ಕೊನೆಯಲ್ಲಿ, ಗೆರೆಯೊಳಗೆ, ‘ಚಿತ್ರಾ’ ಅಂತ ನಿಂತಿತು. ಪ್ರಿಂಟರು ಗುಯ್ಯೆಂದು ಹಾಳೆ ಹೊರಗೆ ನೂಕಿತು. ಅವಳು ಆ ಬಿಸಿ ಹಾಳೆಯನ್ನು ಹಿಡಿದುಕೊಂಡು ಎಷ್ಟೋ ಹೊತ್ತು ಕೂತಿದ್ದಳು. ಜೀವಮಾನದಲ್ಲಿ ಅಷ್ಟು ಚೆಂದದ ಹಾಳೆಯನ್ನು ಅವಳು ತೆಗೆದಿರಲಿಲ್ಲ.

ರಂಗೇಶ ಹಾಳೆ ನೋಡಿ ತಲೆ ಕೆರೆದುಕೊಂಡ. ಮಾತು ಕೊಟ್ಟಿದ್ದ, ಹಿಂದೆ ತೆಗೆದುಕೊಳ್ಳಲು ನೆಪ ಸಿಗಲಿಲ್ಲ. ಅಪ್ಪನ ಹೆಸರಿಲ್ಲದೆ ದಾಸಣ್ಣ ಹೆಂಗೆ ಕೂಗುತ್ತಾನೆ ಅಂದ. ಬರೀ ಹೆಸರು ಕೂಗಲಿ, ಯಾರ ಮಗ ಯಾರು ಅಂತ ಹಟ್ಟಿಗೆ ಗೊತ್ತಿಲ್ಲವಾ ಅಂದಳು ಚಿತ್ರಾ. ಅವನು ಇನ್ನಿಬ್ಬರು ಹಿರಿಯರಿಗೆ ತೋರಿಸಿ, ಗೊಣಗಿಸಿಕೊಂಡು, ಒಪ್ಪಿಗೆ ತಂದ. ಹಾಳೆಯನ್ನು ಪದ್ಧತಿಯಂತೆ ಅರಿಶಿನ ಹಚ್ಚಿ ಗುಡಿಯಲ್ಲಿಟ್ಟರು. ಚಿತ್ರಾ ನಿರಾಳವಾದಳು. ಅವಳ ಪ್ರಕಾರ ಕೆಲಸ ಅಲ್ಲಿಗೆ ಮುಗಿದಿತ್ತು. ಹಾಳೆಗೆ ಬಂದರೆ ಹಟ್ಟಿಗೆ ಬಂದ ಹಾಗೇ.

ಸೋಮವಾರ ಬೆಳಗ್ಗೆ ಹೊನ್ನಕ್ಕ ಹಸುವಿನ ಮೈ ತೊಳೆದು, ಕುಂಕುಮ ಇಟ್ಟು, ಹಾಲು ಕರೆದಳು. ಚೊಂಬಿನ ಬಾಯಿಗೆ ಮಾವಿನೆಲೆ ಮುಚ್ಚಿ ಮಗಳ ಕೈಗೆ ಕೊಟ್ಟಳು. ಗುಡಿಯ ಮುಂದೆ ಹಟ್ಟಿಯೆಲ್ಲ ಸೇರಿತ್ತು. ಚಿತ್ರಾ ಮೊದಲ ಸಲ ಗುಂಪಿನ ಹಿಂದೆ ನಿಲ್ಲದೆ, ಚೊಂಬು ಹಿಡಿದವರ ಸಾಲಿನ ಕೊನೆಗೆ ನಿಂತಳು. ಕೆಲವರು ತಿರುಗಿ ನೋಡಿದರು. ಚಿಕ್ಕರಾಜು ಮುಂದೆ ಎಲ್ಲೋ ನಿಂತಿದ್ದವನು ತಿರುಗಲಿಲ್ಲ.

ದಾಸಣ್ಣ ತಲೆಗೆ ಕೆಂಪು ವಸ್ತ್ರ ಸುತ್ತಿಕೊಂಡು ಬಂದು ನಿಂತ. ಹಾಳೆ ತೆಗೆದುಕೊಂಡು ದೂರ ಹಿಡಿದ, ಹತ್ತಿರ ಹಿಡಿದ, ಅಕ್ಷರ ಸಣ್ಣ ಆಯಿತು ಅಂದ. ಚಿತ್ರಾಳಿಗೆ ನಗು ಬಂತು. ಇಷ್ಟು ದೊಡ್ಡದು ಮಾಡಿದರೂ ಸಣ್ಣದೇ? ಅವನು ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ. ವಯಸ್ಸಾದರೂ ಗುಡ್ಡದ ಮೇಲಿನ ಕುರಿ ಕೂಗಿ ಕರೆಯುವ ಗಂಟಲು.

“ಅಡವಯ್ಯನ ಮಗ ರಂಗೇಶನ ಒಲೆ, ಹಾಲು ಬರ್ಲಿ.”

ರಂಗೇಶ ಹೋಗಿ ಸುರಿದ. ಮುಂದಿನವನನ್ನೂ ದಾಸಣ್ಣ ಅಪ್ಪನ ಹೆಸರು ಹಿಡಿದೇ ಕೂಗಿದ. ಅದರ ಮುಂದಿನವನನ್ನೂ. ಚಿಕ್ಕನರಸಯ್ಯನ ಮಗ ಚಿಕ್ಕರಾಜು ಅಂದಾಗ ಅಣ್ಣ ಹೋಗಿ ಸುರಿದು ಬಂದ. ಮೊದಮೊದಲು ಚಿತ್ರಾ ಅದರಲ್ಲಿ ವಿಶೇಷ ಕಾಣಲಿಲ್ಲ. ಬಾಯಿಗೆ ರೂಢಿಯಾದ ಹೆಸರು ತಾನೆ, ಜತೆಗೆ ಬರುತ್ತದೆ ಅಂದುಕೊಂಡಳು. ಆಮೇಲೆ ಅವಳ ಕಣ್ಣು ಅವನ ಬೆರಳಿನ ಮೇಲೆ ಬಿತ್ತು. ಬೆರಳು ಹಾಳೆಯ ಮೇಲ್ತುದಿಯಲ್ಲೇ ಇತ್ತು. ಕೂಗು ಅರ್ಧ ಹಟ್ಟಿ ದಾಟಿತ್ತು, ಬೆರಳು ಕದಲಿರಲಿಲ್ಲ. ಗಾಳಿಗೆ ಹಾಳೆಯ ಕೆಳಗಿನ ಅರ್ಧ ಮಡಚಿಕೊಂಡಿತು. ದಾಸಣ್ಣ ಅದನ್ನು ಬಿಡಿಸದೆ, ತಡೆಯದೆ, ಅಪ್ಪ ಮಗ ಅಪ್ಪ ಮಗ ಅಂತ ಕೂಗುತ್ತಲೇ ಹೋದ.

ಅವನು ಓದುತ್ತಿರಲಿಲ್ಲ. ಎಷ್ಟು ವರ್ಷದಿಂದ ಓದುತ್ತಿರಲಿಲ್ಲವೋ. ಅವಳು ಎಳೆ ಎಳೆಯಾಗಿ ಜಾಗ ಕಡಿದು ದೊಡ್ಡದು ಮಾಡಿದ ಅಕ್ಷರಗಳನ್ನು ಅವನು ಒಂದು ದಿನವೂ ಕಂಡಿರಲಿಲ್ಲ. ಚಿತ್ರಾಳ ಕೈಯಲ್ಲಿ ಚೊಂಬು ಭಾರವಾಯಿತು. ಅವಳಿಗೆ ಮುಂದಿನದು ಆಗಲೇ ಗೊತ್ತಾಗಿಹೋಗಿತ್ತು. ಆದರೂ ಅವಳು ಕೊನೆಯ ಹೆಸರಿನವರೆಗೂ ಕಾದಳು, ಎಲ್ಲಾದರೂ ಯಾರಾದರೂ ಅವನ ಕಿವಿಗೆ ಹಾಕಿರಬಹುದು ಅನ್ನುವ ಆಸೆಯಿಂದ.

ಕೊನೆಯವನೂ ಸುರಿದು ಬಂದ. ದಾಸಣ್ಣ ಹಾಳೆ ಮಡಚಿ ಕಣ್ಣಿಗೊತ್ತಿಕೊಂಡ. ಒಲೆಗಳೆಲ್ಲ ಬಂದವು, ಹಂಡೆ ಎತ್ತಿ ಅಂದ.

ಚಿತ್ರಾ ಅಲ್ಲೇ ನಿಂತಿದ್ದಳು. ಅವಳ ಹಿಂದೆ ಯಾರೂ ಇರಲಿಲ್ಲ, ಮುಂದೆಯೂ ಯಾರೂ ಇರಲಿಲ್ಲ. ರಂಗೇಶ ನೆಲ ನೋಡಿದ. ಹಂಡೆ ಎತ್ತಲು ಇಬ್ಬರು ಬಗ್ಗಿದರು. ಆಗ ಮಾತಾಡಿದವನು ಚಿಕ್ಕರಾಜು.

“ದಾಸಣ್ಣ, ಒಂದು ಒಲೆ ಬುಟ್ಟೋಯ್ತು. ನನ್ ತಂಗಿ ನಿಂತವ್ಳೆ. ಕೆಳಗಡೆ ಐತೆ ನೋಡು, ಸರಿಯಾಗಿ ಓದು.”

ತಿಂಗಳಿಂದ ಮಾತು ಬಿಟ್ಟವನು ಇವನೇನಾ ಅಂತ ಚಿತ್ರಾ ಅವನ ಕಡೆ ನೋಡಿದಳು. ನೋಡಿ ಮುಗಿಯುವ ಮುಂಚೆ ದಾಸಣ್ಣನ ಕಡೆ ಕಣ್ಣು ಹೋಯಿತು. ಮುದುಕ ಹಾಳೆ ಬಿಡಿಸಿಕೊಂಡಿದ್ದ. ದೂರ ಹಿಡಿದ. ಹತ್ತಿರ ಹಿಡಿದ. ಹಟ್ಟಿಯೆಲ್ಲ ಅವನನ್ನೇ ನೋಡುತ್ತಿತ್ತು. ಓದು ಅಂತ ಯಾರೋ ಹಿಂದಿನಿಂದ ಅಂದರು. ಇನ್ನೊಬ್ಬರು, ಕಾಣಿಸದಿದ್ದರೆ ರಂಗೇಶನ ಕೈಗೆ ಕೊಡಲಿ, ಮುಂದಿನ ವರ್ಷದಿಂದ ಅವನೇ ಕೂಗಲಿ ಅಂದರು.

ಆ ಮಾತು ಕಿವಿಗೆ ಬಿದ್ದಾಗ ದಾಸಣ್ಣನ ಮುಖ ಹೇಗಾಯಿತು ಅನ್ನುವುದನ್ನು ಚಿತ್ರಾ ಒಬ್ಬಳೇ ಅಷ್ಟು ಸ್ಪಷ್ಟವಾಗಿ ನೋಡಿದಳು. ಸಾಲಿನಿಂದ ತಪ್ಪಿದ ಮುಖ ಹೇಗಿರುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಚೊಂಬನ್ನು ಗುಂಪಿನಲ್ಲಿದ್ದ ಅವ್ವನ ಕೈಗೆ ಕೊಟ್ಟು ಮುಂದೆ ಹೋದಳು.

“ನಂದೇ ತಪ್ಪು. ಜಾಗ ಸಾಲ್ದೆ ಕೊನೇ ಸಾಲು ಸರಿಯಾಗಿ ಬಂದಿಲ್ಲ, ಮಸಿ ಅಂಟ್ಕಂಡೈತೆ. ತಾತಂಗಲ್ಲ, ಯಾರಿಗೂ ಕಾಣಾಕಿಲ್ಲ” ಅಂದಳು ಎಲ್ಲರಿಗೂ ಕೇಳುವ ಹಾಗೆ.

ಹಟ್ಟಿಯಲ್ಲಿ ಒಂದಿಷ್ಟು ನಗು ಎದ್ದಿತು. ಊರಿಗೆಲ್ಲ ಚೆಂದ ಮಾಡಿಕೊಡುವವಳು ತನ್ನದೇ ಕೆಡಿಸಿಕೊಂಡಳು ನೋಡು ಅಂತ ರಂಗೇಶ ಅಂದ. ತಾನು ತೆಗೆದ ಹಾಳೆಯಲ್ಲಿ ಎಂದೂ ಒಂದು ಮಸಿಯ ಚುಕ್ಕೆ ಬೀಳಲು ಬಿಡದ ಹೆಂಗಸು ಅದನ್ನು ಕೇಳಿಸಿಕೊಂಡಳು. ಹಾಳೆಯನ್ನು ದಾಸಣ್ಣನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಬೇರೆಯವರಿಗೆ ಕಾಣದಂತೆ ನಾಲ್ಕಾಗಿ ಮಡಚಿದಳು.

ದಾಸಣ್ಣ ಅವಳ ಮುಖದ ಕಡೆಗೆ ಬಗ್ಗಿದ. ಪೊರೆ ಕವಿದ ಕಣ್ಣಿನಲ್ಲಿ ನೀರಿತ್ತು. ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ.

“ಒಲೆ ಹಚ್ಚಿದೋರು ಎಲೆ ಅಡ್ಕೆ ತಗಂಡು ಬಂದು ನಂಗೆ ಹೇಳ್ಬೇಕು ಕಣವ್ವ. ಎಲ್ಲಾ ಗಂಡಸ್ರೂ ಅಂಗೇ ಬಂದು ಹೇಳಿರೋದು. ನಿಂಗೆ ಯಾರೂ ಹೇಳ್ಕೊಡ್ನಿಲ್ವಾ? ನೀನು ಹಾಳೆಗೆ ಹೇಳ್ದೆ, ನಂಗೆ ಹೇಳ್ನಿಲ್ಲ.”

ಇಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಮಗನಿಗೆ ಹೇಳುತ್ತಿದ್ದ, ಮಗ ಬೇರೆಯಾದ ದಿನ ಎಲೆ ಅಡಿಕೆ ಹಿಡಿದು ದಾಸಣ್ಣನ ಜಗಲಿಗೆ ಹೋಗುತ್ತಿದ್ದ. ಹೆಣ್ಣುಮಕ್ಕಳಿಗೆ ಅದನ್ನು ಹೇಳುವ ಪ್ರಸಂಗವೇ ಆ ಹಟ್ಟಿಯಲ್ಲಿ ಬಂದಿರಲಿಲ್ಲ. ಅಣ್ಣನಿಗೆ ಗೊತ್ತಿತ್ತು, ಅವಳ ಜತೆ ಮಾತು ಬಿಟ್ಟಿದ್ದ. ರಂಗೇಶನಿಗೂ ಗೊತ್ತಿತ್ತು, ಅವನು ಮರೆತನೋ, ಮರೆತ ಹಾಗೆ ಮಾಡಿದನೋ.

ಅವಳಿಗೆ ಆ ಮುದುಕನ ಮೇಲೆ ಸಿಟ್ಟು ಬರಲಿಲ್ಲ. ಈಗ ಹೇಳುತ್ತೀನಿ ತಾತ ಅಂದಳು.

ದಾಸಣ್ಣ ತಲೆಯ ವಸ್ತ್ರ ಸರಿ ಮಾಡಿಕೊಂಡು ನೆಟ್ಟಗೆ ನಿಂತ. ಹಂಡೆ ಎತ್ತುತ್ತಿದ್ದವರಿಗೆ ಇಳಿಸಿ ಅಂತ ಕೈ ಮಾಡಿದ. ಆಮೇಲೆ ಎಲ್ಲರೆದುರಿಗೆ ಗಟ್ಟಿಯಾಗಿ ಕೇಳಿದ, ಕೇಳಲೇಬೇಕಾದ ಮಾತು ಅದು.

“ಯಾರ ಒಲೆ ಅಂತ ಕೂಗ್ಲವ್ವ?”

ಅವಳು ಅಂಗಡಿಯಲ್ಲಿ ಒಂದೇ ಏಟಿಗೆ ಅಳಿಸಿದ್ದ ಕಾಲಮ್ಮು ಈಗ ಬಾಯಿಬಿಟ್ಟು ಎದುರಿಗೆ ನಿಂತಿತ್ತು. ಸತ್ತ ಅಪ್ಪನ ಹೆಸರು ಹೇಳಬಹುದಿತ್ತು, ಅದು ಅಣ್ಣನ ಒಲೆಯ ಜತೆ ಆಗಲೇ ಬಂದುಹೋಗಿತ್ತು. ಅನಂತಪುರದಲ್ಲಿರುವವನ ಹೆಸರು ಹೇಳಿದ್ದರೂ ಹಟ್ಟಿ ಬೇಡ ಅನ್ನುತ್ತಿರಲಿಲ್ಲ, ಬಹುಶಃ ಅದನ್ನೇ ಕಾಯುತ್ತಿತ್ತು. ಚಿತ್ರಾ ಒಂದು ಸಲ ಅಣ್ಣನನ್ನು ನೋಡಿದಳು. ಅವನು ಈ ಸಲ ಮುಖ ತಿರುಗಿಸಲಿಲ್ಲ.

“ನಂದೇ ತಾತ. ಬೇರೆ ಯಾರ್ದೂ ಇಲ್ಲ” ಅಂದಳು.

ಯಾರೋ ಕೆಮ್ಮಿದರು. ರಂಗೇಶ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ದಾಸಣ್ಣ ಬರಿಗೈಯನ್ನೇ ಹಾಳೆಯ ಹಾಗೆ ಎದುರಿಗೆ ಹಿಡಿದುಕೊಂಡು, ಗುಡ್ಡದಾಚೆಯ ಹಟ್ಟಿಗೂ ಕೇಳುವಂತೆ ಕೂಗಿದ.

“ಚಿತ್ರಾನ ಒಲೆ, ಹಾಲು ಬರ್ಲಿ.”

ಎಲ್ಲರೂ ನೋಡಿದರು. ಯಾರೂ ಬರಲಿಲ್ಲ. ಅಪ್ಪನಿಲ್ಲದೆ, ಗಂಡನಿಲ್ಲದೆ, ಅಷ್ಟು ಗಿಡ್ಡ ಹೆಸರು ಕೂಗಿದ್ದನ್ನು ಆ ಗುಡಿಯ ಮುಂದೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಚಿತ್ರಾಳೂ ಬೇರೆಯವರ ಹಾಗೇ, ಯಾರು ಬರುತ್ತಾರೆ ಅಂತ ಗುಂಪಿನ ಕಡೆ ತಿರುಗಿ ನೋಡುತ್ತ ನಿಂತುಬಿಟ್ಟಿದ್ದಳು. ಹೊನ್ನಕ್ಕ ಜನರನ್ನು ಸರಿಸಿಕೊಂಡು ಬಂದು ಚೊಂಬನ್ನು ಅವಳ ಎರಡೂ ಕೈಯಲ್ಲಿ ಇಟ್ಟಳು.

“ಹೋಗೇ,” ಅಂದಳು. “ನಿನ್ನೇ ಕರೀತಿರೋದು.”